ಯಾರ ಹೆಸರೂ ಹೇಳಬಾರದ ಸಭೆ

ನಮ್ಮ ಕಂಪನಿಯ ಹೆಂಗಸರಿಗೆ "ನಾವೂ ಇಲ್ಲಿಯವರೇ" ಅನ್ನಿಸುತ್ತದೋ ಇಲ್ಲವೋ ಎಂದು ಪತ್ತೆ ಹಚ್ಚುವ ಕೆಲಸವನ್ನು ಒಬ್ಬ ಗಂಡಸಿಗೆ ವಹಿಸಿದ್ದರು. ಅವನ ಹೆಸರು ವೆಂಡೆಲ್. ಒಳ್ಳೆಯವನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ನಾನು ಲೋರ್ನಾ. ಕೆನಡಾದ ಕಿಚನರ್ ಊರಿನಲ್ಲಿ ಹಿಂದೆ ಅಂಗಿಯ ಗುಂಡಿಗಳನ್ನು ಮಾಡುತ್ತಿದ್ದ ಕಾರ್ಖಾನೆಯ ಕಟ್ಟಡವೇ ನಮ್ಮ ಆಫೀಸು. ಶಾಲೆಯ ಬಸ್ಸುಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುತ್ತೇವೆ. ಯಾವ ಬಸ್ಸು ಯಾವ ರಸ್ತೆಯಲ್ಲಿ ಹೋಗಬೇಕು, ಹಿಮ ಸುರಿದ ದಿನ ಯಾವುದು ರದ್ದು, ರದ್ದಾದದ್ದನ್ನು ಮಕ್ಕಳ ಅಪ್ಪ ಅಮ್ಮಂದಿರಿಗೆ ಫೋನಿನಲ್ಲಿ ತಿಳಿಸುವುದು ಹೇಗೆ, ಇದೇ ನಮ್ಮ ಉದ್ಯೋಗ. ನಕ್ಷೆಯ ಟೀಮು ಮೂರನೇ ಮಹಡಿಯಲ್ಲಿ. ಅಲ್ಲಿ ಗೋಡೆಯಗಲದ ಪರದೆ, ಅದರ ಮೇಲೆ ಓಡಾಡುವ ಹಳದಿ ಚುಕ್ಕೆಗಳು. ಆಫೀಸಿಗೆ ಯಾರೇ ದೊಡ್ಡ ಮನುಷ್ಯರು ಬಂದರೂ ನೇರ ಅಲ್ಲಿಗೇ ಕರೆದುಕೊಂಡು ಹೋಗುತ್ತಿದ್ದರು. ಫೋನ್ ಮಾಡುವ ಭಾಗ ಮಾತ್ರ ನೆಲಮಾಳಿಗೆಯಲ್ಲಿ, ಬಾಯ್ಲರಿನ ಪಕ್ಕದ ಕೋಣೆಯಲ್ಲಿ. ಅದು ಹಳೆಯ ಪ್ರೋಗ್ರಾಮು, ತೇಪೆಯ ಮೇಲೆ ತೇಪೆ, ಯಾರೂ ಕೈ ಹಾಕಲು ಒಪ್ಪದ್ದು. ಅಂಥ ಕೆಲಸ ಎಲ್ಲೆಲ್ಲೂ ಯಾರ ಕೊರಳಿಗೆ ಬೀಳುತ್ತದೋ ಇಲ್ಲಿಯೂ ಅವರ ಕೊರಳಿಗೇ ಬಿತ್ತು. ಅಂದರೆ ನಾನು, ಓಡೀಲ್ ಮತ್ತು ಥುಯ್. ಜೊತೆಗೆ ವೆಂಡೆಲ್. ಮೇಲಿನವರ ಗಲಾಟೆ ತಡೆಯಲಾರದೆ ತಾನಾಗಿಯೇ ಕೆಳಗೆ ಇಳಿದುಬಂದವನು.

ಓಡೀಲ್ ನ್ಯೂ ಬ್ರನ್ಸ್‌ವಿಕ್ ಕಡೆಯ ಮೀನುಗಾರರ ಮನೆಯವಳು, ನನ್ನದೇ ವಯಸ್ಸು. ಅವಳಿಗೆ ಇಂಗ್ಲಿಷು, ಫ್ರೆಂಚು ಎರಡು ಭಾಷೆಯಲ್ಲಿ ಬೈಯಲು ಬರುತ್ತಿತ್ತು, ಎರಡನ್ನೂ ಧಾರಾಳವಾಗಿ ಬಳಸುತ್ತಿದ್ದಳು. ಥುಯ್ ಇಲ್ಲಿಯೇ ಹುಟ್ಟಿ ಇಲ್ಲಿಯೇ ಓದಿದ ಹುಡುಗಿ. ಇಪ್ಪತ್ತೈದು ದಾಟಿ ಸ್ವಲ್ಪವಾಗಿತ್ತಷ್ಟೆ. ನಾವೆಲ್ಲ ಅರ್ಧ ದಿನ ತಲೆ ಕೆರೆದುಕೊಂಡ ತೊಡಕನ್ನು ಅವಳು ಸೇಬು ಕಚ್ಚುತ್ತ ನೋಡಿ, "ಇದು ಇಲ್ಲಿ ಕೆಟ್ಟಿದೆ ಅಲ್ವಾ?" ಅನ್ನುತ್ತಿದ್ದಳು. ಕೆಟ್ಟಿರುತ್ತಿದ್ದುದೂ ಅಲ್ಲೇ.

ನಮ್ಮ ನೆಲಮಾಳಿಗೆಯಲ್ಲಿ ಒಂದು ಪದ್ಧತಿ ಇತ್ತು. ಯಾರ ಕೈಯಲ್ಲಿ ಏನು ಕೆಟ್ಟರೂ ಅವರು ಕೂತಲ್ಲಿಂದಲೇ "ನಾನು ಕೆಡಿಸ್ದೆ!" ಎಂದು ಕೂಗಬೇಕು. ಮಿಕ್ಕವರು ಕುರ್ಚಿ ಉರುಳಿಸಿಕೊಂಡು ಬಂದು ಸುತ್ತ ಕೂರಬೇಕು.

"ಏನೇ ಮಾಡ್ದೆ ಮಾರಾಯ್ತಿ?" ಎಂದು ಓಡೀಲ್ ಶುರು ಮಾಡುವಳು.

"ಎಲ್ಮೈರಾ ಕಡೆಯೋರಿಗೆಲ್ಲ ಎರಡೆರಡು ಸಲ ಫೋನ್ ಹೋಗ್ತಿದೆ."

"ಒಳ್ಳೇದಾಯ್ತು ಬಿಡು, ಒಂದು ಸಲ ಹೇಳಿದ್ರೆ ಅವರಿಗೆಲ್ಲಿ ಅರ್ಥ ಆಗುತ್ತೆ! ಸರಿ, ಜರುಗು ಆ ಕಡೆ."

ಬೈದುಕೊಂಡು, ನಕ್ಕು, ಹತ್ತು ನಿಮಿಷದಲ್ಲಿ ಸರಿಪಡಿಸಿ ಎದ್ದುಹೋಗುತ್ತಿದ್ದೆವು. ವೆಂಡೆಲ್ ಬಂದ ಹೊಸತರಲ್ಲಿ ತನ್ನ ತಪ್ಪನ್ನು ಯಾರಿಗೂ ಹೇಳದೆ ಬೆವರುತ್ತ ಕೂತಿರುತ್ತಿದ್ದ. ಒಂದು ದಿನ ಅವನೂ ಕೂಗಿದ. ಓಡೀಲ್ ಅವನನ್ನು ಬೈದ ರೀತಿಗೆ ಅವನ ಕಿವಿ ಕೆಂಪಾದವು, ಮುಖ ಮಾತ್ರ ಅರಳಿತು. ಅಂದಿನಿಂದ ಅವನೂ ನಮ್ಮವನಾದ. ಊಟಕ್ಕೆ ನಾವು ಏಳುವ ಮೊದಲೇ ಅವನು ಎದ್ದು ಬಾಗಿಲಲ್ಲಿ ನಿಂತಿರುತ್ತಿದ್ದ.

ಇದೆಲ್ಲ ಚೆನ್ನಾಗಿಯೇ ನಡೆಯುತ್ತಿತ್ತು, ಕಂಪನಿಯವರು ನಮ್ಮ ಸುಖವನ್ನು ಅಳೆಯುವವರೆಗೆ.

ಪ್ರತಿ ಶರತ್ಕಾಲ ಒಂದು ಸಮೀಕ್ಷೆ ಬರುತ್ತದೆ. "ನಾನು ಇಲ್ಲಿಯವಳೆಂದು ನನಗೆ ಅನ್ನಿಸುತ್ತದೆ" ಎಂಬ ವಾಕ್ಯಕ್ಕೆ ಎಷ್ಟು ಒಪ್ಪುತ್ತೀರಿ ಎಂದು ಕೇಳುತ್ತಾರೆ. ಆ ವರ್ಷ ಇಡೀ ಕಂಪನಿಯ ಹೆಂಗಸರು ಒಪ್ಪಿದ್ದು ಅಷ್ಟಕ್ಕಷ್ಟೇ. ನೆಲಮಾಳಿಗೆಯವರು ಮಾತ್ರ ಪೂರ್ತಿ ಒಪ್ಪಿದ್ದರು. ಕ್ರೇಗ್ ಮೂರ್ಛೆ ಹೋಗುವುದೊಂದು ಬಾಕಿ. ಕ್ರೇಗ್ ಅಂದರೆ ನಮ್ಮೆಲ್ಲರ ಮೇಲಿನ ಸಾಹೇಬ. ಐವತ್ತರ ಹತ್ತಿರದ ಮನುಷ್ಯ. ಚಳಿಗಾಲದಲ್ಲೂ ಸೈಕಲ್ಲಿನಲ್ಲೇ ಬಂದು, ಬಂದದ್ದನ್ನು ಎಲ್ಲರಿಗೂ ಹೇಳುವವನು. ಅವನು ಖುದ್ದಾಗಿ ಮೆಟ್ಟಿಲಿಳಿದು ನಮ್ಮ ಕೋಣೆಗೆ ಬಂದ. ಬಾಯ್ಲರ್ ನೋಡಿ ಬೆರಗಾದ. ಅದು ಅಲ್ಲಿದೆಯೆಂದು ಅವನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

"ನೀವು ಏನು ಮಾಡ್ತಿದೀರಿ ಅಂತ ನನಗೆ ತಿಳ್ಕೋಬೇಕು," ಅಂದ.

"ಕೆಲಸ," ಅಂದಳು ಓಡೀಲ್.

"ಅಲ್ಲಲ್ಲ, ಈ ವಾತಾವರಣ! ಇದು ಇಲ್ಲಿ ಮಾತ್ರ ಯಾಕಿದೆ? ಮನೇಲಿ ನಾನು ಬ್ರೆಡ್ ಮಾಡ್ತೀನಿ, ನಿಮಗೆ ಗೊತ್ತಲ್ಲ. ಹುಳಿ ಬಂದ ಹಿಟ್ಟು ಒಂದೇ ಡಬ್ಬೀಲಿ ಇಟ್ಕೊಂಡ್ರೆ ಏನು ಬಂತು? ಒಂದೊಂದು ಚಮಚ ತೆಗೆದು ಬೇರೆ ಬೇರೆ ಹಿಟ್ಟಿಗೆ ಹಾಕ್ಬೇಕು. ಆಗ ಎಲ್ಲಾ ಉಬ್ಬುತ್ತೆ!"

"ಅಂದ್ರೆ?" ಎಂದು ಕೇಳಿದೆ.

"ಅಂದ್ರೆ ಒಂದೊಂದು ಟೀಮಿಗೆ ಒಬ್ಬೊಬ್ಬರು!"

"ನಾವು ಖುಷಿಯಾಗಿದ್ದೀವಿ ಅಂತ ನಮ್ಮನ್ನ ಬೇರೆ ಮಾಡ್ತೀರಾ?"

"ಬೇರೆ ಮಾಡೋದಲ್ಲ ಲೋರ್ನಾ, ಹಂಚೋದು," ಅಂದು ಕ್ರೇಗ್ ನನ್ನ ಕಡೆಗೆ ಬಹಳ ಮರುಕದಿಂದ ನೋಡಿದ.

ಹಂಚಿದರು. ನಾನು ಡ್ರೈವರುಗಳ ಆ್ಯಪ್ ಟೀಮಿಗೆ, ಓಡೀಲ್ ಮಾರಾಟದ ಜೊತೆಗಿನ ಟೀಮಿಗೆ. ಫೋನ್ ಭಾಗವನ್ನೂ ಥುಯ್‌ಳನ್ನೂ ಒಟ್ಟಿಗೆ ಎತ್ತಿ ಮೂರನೇ ಮಹಡಿಯ ನಕ್ಷೆ ಟೀಮಿನಲ್ಲಿ ಇಟ್ಟರು. ಇನ್ನು ವೆಂಡೆಲ್? ಅವನನ್ನು ಹಂಚಲಿಲ್ಲ, ಏರಿಸಿದರು. ಮೂರು ಹೆಂಗಸರ ನಡುವೆ ಒಬ್ಬನೇ ಗಂಡಸಾಗಿ ಸುಖವಾಗಿದ್ದ ಕಾರಣಕ್ಕೆ ಈ ವಿಷಯದಲ್ಲಿ ಅವನಷ್ಟು ಅನುಭವಸ್ಥ ಇನ್ನೊಬ್ಬನಿಲ್ಲ ಎಂದು ಕ್ರೇಗ್‌ಗೆ ಹೊಳೆಯಿತು. ಅವನಿಗೆ ಹೊಸ ಹುದ್ದೆ, ಗಾಜಿನ ಕೋಣೆ, ಟೊರಾಂಟೊದಲ್ಲಿ ಮೂರು ವಾರದ ತರಬೇತಿ.

ಮೊದಮೊದಲು ವೆಂಡೆಲ್ ನಾಚಿಕೊಂಡ. "ಇದು ಸರಿ ಅಲ್ಲ, ನಿಮ್ಮಲ್ಲಿ ಯಾರಿಗಾದ್ರೂ ಕೊಡ್ಬೇಕಿತ್ತು," ಎಂದು ನಮ್ಮ ಮೂವರ ಹತ್ತಿರವೂ ಬಂದು ಹೇಳಿದ. ಹಾಗಂತ ಕ್ರೇಗ್ ಹತ್ತಿರ ಹೇಳಿದನಾ ಎಂದು ಓಡೀಲ್ ಕೇಳಿದ್ದಕ್ಕೆ, ಸಮಯ ನೋಡಿ ಹೇಳುತ್ತೇನೆ ಅಂದ. ತರಬೇತಿ ಮುಗಿಸಿ ಬಂದ ಮೇಲೆ ಭಾಷಣ ಶುರುವಾಯಿತು. ಆಫೀಸಿನಲ್ಲಿ ಒಂದು, ವಾಟರ್‌ಲೂ ಗ್ರಂಥಾಲಯದಲ್ಲಿ ಒಂದು, ಒಟ್ಟಾವಾದಲ್ಲಿ ಒಂದು. "ಒಬ್ಬನೇ ಆಗಿದ್ದಾಗ ನನ್ನನ್ನು ಅವರು ಊಟಕ್ಕೆ ಕರೆದರು," ಎಂದು ಅವನು ಹೇಳುವಾಗ ಸಭಿಕರ ಕಣ್ಣು ತೇವವಾಗುತ್ತಿತ್ತಂತೆ. ಒಬ್ಬಂಟಿತನದ ಕಷ್ಟ ಗಂಡಸೊಬ್ಬ ಬಾಯಿ ಬಿಟ್ಟು ಹೇಳಿದ ಮೇಲೆ ಎಷ್ಟೊಂದು ಜನಕ್ಕೆ ಅರ್ಥವಾಯಿತು ನೋಡಿ! ನಾವು ಇಪ್ಪತ್ತು ವರ್ಷ ಹೇಳಿದ್ದು ಯಾವ ಕಿವಿಗೆ ಬಿದ್ದಿತ್ತೋ ಕಾಣೆ.

ನನ್ನ ಹೊಸ ಟೀಮಿನವರು ಸಭ್ಯರು. ಸಭ್ಯತೆಯಲ್ಲಿ ಅವರದು ಎತ್ತಿದ ಕೈ. ಬಾಗಿಲು ತೆರೆದು ಹಿಡಿಯುತ್ತಿದ್ದರು, ಒಳಗೆ ಹೋದ ಮೇಲೆ ನಾನು ಇದ್ದೇನೆಂಬುದನ್ನು ಮರೆಯುತ್ತಿದ್ದರು. ನೆನಪಾದಾಗ "ಲೋರ್ನಾ, ಹೆಂಗಸರ ದೃಷ್ಟಿಯಿಂದ ಈ ಬಣ್ಣ ಹೇಗಿದೆ?" ಎಂದು ಕೇಳುತ್ತಿದ್ದರು. ಹತ್ತೊಂಬತ್ತು ವರ್ಷ ಪ್ರೋಗ್ರಾಮ್ ಬರೆದವಳು ನಾನು. ನೀಲಿಯಾದರೇನು, ಹಸಿರಾದರೇನು ಅಂದೆ. ಆ ಮಾತನ್ನು ಹೆಂಗಸರ ಅಭಿಪ್ರಾಯವೆಂದು ಬರೆದುಕೊಂಡರು.

ನನಗೆ ಚರ್ಮ ದಪ್ಪವಾಗಿದೆ, ಬಿಡಿ. ನನ್ನ ಹೊಟ್ಟೆ ಉರಿದದ್ದು ಥುಯ್‌ಳನ್ನು ನೋಡಿ. ಮೂರನೇ ಮಹಡಿಯಲ್ಲಿ ಒಂಬತ್ತು ಗಂಡಸರು, ಅವರ ಹಿರಿಯ ಡಿಲನ್. ಮೂವತ್ತರ ಹುಡುಗ, ಚೆಂದದ ಗಡ್ಡ, ತಲೆಯಲ್ಲಿ ಬುದ್ಧಿಯೂ ಇತ್ತು, ಇಲ್ಲವೆನ್ನಲಾರೆ. ಅವಳನ್ನು ಸೇರಿಸಿಕೊಳ್ಳಬೇಕೆಂದು ಅವರ ಹಾಕಿ ಪಂದ್ಯಗಳ ಪಣದಾಟಕ್ಕೂ ಕರೆದರು. ಅವಳು ಎಲ್ಲರನ್ನೂ ಸೋಲಿಸಿದಳು. ಮುಂದಿನ ತಿಂಗಳಿನಿಂದ ಆ ಆಟ ನಿಂತುಹೋಯಿತು, ಎಲ್ಲರಿಗೂ ಕೆಲಸ ಜಾಸ್ತಿಯಂತೆ.

ಕ್ರಿಸ್‌ಮಸ್ಸಿನ ಹೊತ್ತಿಗೆ ಹುಡುಗಿ ಬೇರೆಯೇ ಆಗಿದ್ದಳು. ಕೂಗಿ ಹೇಳುತ್ತಿದ್ದವಳು ಈಗ ಪ್ರತಿ ಮಾತಿಗೂ ಮೊದಲು "ಸಾರಿ, ನನಗೆ ಸರಿಯಾಗಿ ಗೊತ್ತಿಲ್ಲ, ಆದ್ರೆ" ಎಂದು ಸೇರಿಸುತ್ತಿದ್ದಳು. ನನ್ನ ಹತ್ತಿರವೂ! ಒಂದು ದಿನ ಟಿಮ್ ಹಾರ್ಟನ್ಸಿನಲ್ಲಿ ಕಾಫಿ ಆರ್ಡರ್ ಮಾಡುವಾಗಲೂ "ಸಾರಿ, ಒಂದು ಡಬಲ್ ಡಬಲ್ ಸಿಗುತ್ತಾ?" ಅಂದಳು. ಕಾಫಿಯಂಗಡಿಯಲ್ಲಿ ಕಾಫಿ ಸಿಗದೆ ಇನ್ನೇನು ಸಿಗುತ್ತದೆ!

"ನಿನ್ನ ಗಂಟಲಿಗೆ ಏನಾಗಿದ್ಯೇ?" ಎಂದು ಗದರಿದೆ.

"ಅಲ್ಲಿ ಹಾಗೆ ಹೇಳಿದ್ರೇನೇ ಕೇಳಿಸ್ಕೊಳ್ಳೋದು, ಲೋರ್ನಾ."

"ಕೇಳಿಸ್ಕೊಳ್ತಾರಾ?"

ಅವಳು ಕಾಫಿಯ ಮುಚ್ಚಳ ತೆಗೆಯುತ್ತ, "ಇಲ್ಲ," ಅಂದಳು.

ಜನವರಿಯಲ್ಲಿ ಡಿಲನ್‌ಗೆ ಒಂದು ಸಜ್ಜನಿಕೆಯ ಯೋಚನೆ ಬಂತು. ಬೆಳಗಿನ ಜಾವ ನಮ್ಮ ಫೋನು ಬಡಿದುಕೊಂಡು ಮಲಗಿದ ಮಗು ಎದ್ದುಬಿಡುತ್ತದೆ ಎಂದು ನಗರದ ಕೆಲವು ತಾಯಂದಿರು ದೂರಿದ್ದರು. ಪಾಪ, ಯಾರಿಗೂ ತೊಂದರೆಯಾಗಬಾರದು. ಆದ್ದರಿಂದ ಇನ್ನು ಮುಂದೆ ಏಳು ಗಂಟೆಯ ಮೊದಲು ಯಾರ ಮನೆಗೂ ಫೋನ್ ಹೋಗಕೂಡದು ಎಂದು ಅವನು ನಿಯಮ ಬರೆದ. ಇಂಥ ತಪ್ಪು ಮಾಡಲು ನಮ್ಮ ದೇಶದವರಿಂದ ಮಾತ್ರ ಸಾಧ್ಯ. ಬೇರೆ ಕಡೆ ಸೋಮಾರಿತನದಿಂದ ಕೆಡಿಸುತ್ತಾರೆ, ದುರಾಸೆಯಿಂದ ಕೆಡಿಸುತ್ತಾರೆ. ನಾವು ಮರ್ಯಾದೆಯಿಂದ ಕೆಡಿಸುತ್ತೇವೆ.

ಏಕೆಂದರೆ ಹಳ್ಳಿಯ ಬಸ್ಸುಗಳು ಏಳಕ್ಕೆ ಮೊದಲೇ ಹೊರಡುತ್ತವೆ. ನಾನು ಅಂಥ ರಸ್ತೆಯ ಕೊನೆಯಲ್ಲಿ ಬೆಳೆದವಳು. ಆರೂವರೆಗೆ ಕತ್ತಲಲ್ಲಿ ಗೇಟಿನ ಹತ್ತಿರ ನಿಂತು, ದೂರದಲ್ಲಿ ಬಸ್ಸಿನ ದೀಪ ಕಾಣುತ್ತದೋ ಎಂದು ನೋಡುತ್ತಿದ್ದೆ. ಬಸ್ಸು ರದ್ದಾಗಿದ್ದರೆ ಆ ಮಕ್ಕಳ ಮನೆಗೆ ಅದಕ್ಕೂ ಮೊದಲೇ ತಿಳಿಯಬೇಕು. ನೆಲಮಾಳಿಗೆಯಲ್ಲಿ ಇದು ನಮಗೆಲ್ಲ ಉಸಿರಾಟದಷ್ಟು ಗೊತ್ತಿದ್ದ ವಿಷಯ.

ಮಂಗಳವಾರದ ಸಭೆಯಲ್ಲಿ ಥುಯ್ ಅದನ್ನು ಹೇಳಿದಳು. ನಾನು ಅಲ್ಲಿರಲಿಲ್ಲ, ಅವಳ ಬಾಯಿಂದಲೇ ಕೇಳಿದ್ದು. "ಸಾರಿ, ನಾನು ತಪ್ಪಿರಬಹುದು, ಆದ್ರೆ ಹಳ್ಳಿ ಮಕ್ಕಳು ಏಳಕ್ಕೆ ಮೊದಲೇ ರಸ್ತೇಲಿ ನಿಂತಿರ್ತಾರೆ. ಫೋನ್ ಹೋಗದೇ ಇದ್ರೆ ಅವರು ಚಳೀಲಿ ಸುಮ್ನೆ ಕಾಯ್ತಾರೆ," ಅಂದಳಂತೆ. ಡಿಲನ್ ತಲೆಯಾಡಿಸಿ, "ಒಳ್ಳೇ ಮಾತು. ಇದನ್ನ ಆಮೇಲೆ ಕೂತು ಮಾತಾಡೋಣ," ಅಂದನಂತೆ. ಆಮೇಲೆ ಯಾರೂ ಕೂರಲಿಲ್ಲ, ಮಾತಾಡಲೂ ಇಲ್ಲ. ಇನ್ನೆರಡು ಸಲ ನೆನಪಿಸಿದಳು. "ಪಟ್ಟೀಲಿ ಇದೆ, ಪಟ್ಟೀಲಿ ಇದೆ," ಅಂದ. ಮೊದಲಿನ ಥುಯ್ ಆಗಿದ್ದರೆ ಮೇಜಿನ ಮೇಲೆ ಹತ್ತಿ ನಿಂತು ಕೂಗುತ್ತಿದ್ದಳು.

ಮುಂದಿನ ಬುಧವಾರ ಹಿಮ ಸುರಿಯಿತು. ಗಾಳಿ ಬೇರೆ. ಇನ್ನೂ ಕತ್ತಲಿರುವಾಗಲೇ ಶಾಲಾ ಮಂಡಳಿಯವರು ಎಲ್ಲಾ ಬಸ್ಸು ರದ್ದು ಅಂದರು. ನಮ್ಮ ಯಂತ್ರ ವಿನಯದಿಂದ ಏಳು ಗಂಟೆಯಾಗಲೆಂದು ಕಾದು ಕೂತಿತು. ಅಷ್ಟರಲ್ಲಿ ಲಿನ್‌ವುಡ್, ಹಾಕ್ಸ್‌ವಿಲ್ ಕಡೆಯ ರಸ್ತೆಗಳ ತುದಿಯಲ್ಲಿ ಮಕ್ಕಳು ಬಾರದ ಬಸ್ಸಿಗೆ ಕಾದರು. ಒಬ್ಬಳು ಹುಡುಗಿ ಕೈಗವಸು ಮರೆತು ಬಂದಿದ್ದಳು. ಬೆರಳ ತುದಿಗಳು ಮೇಣದ ಹಾಗೆ ಬಿಳಿಯಾಗಿದ್ದವು. ಬೆರಳು ಉಳಿದವು, ದೇವರ ದಯೆ. ಅವಳ ಅಜ್ಜ ಆಫೀಸಿಗೆ ಫೋನ್ ಮಾಡಿ ಕೂಗಾಡಲಿಲ್ಲ. "ನಿಮ್ಮ ಫೋನು ಬಂತು, ಥ್ಯಾಂಕ್ಸ್. ಆಗ ನಾವು ಅವಳ ಕೈಯನ್ನ ಬೆಚ್ಚನೆ ನೀರಲ್ಲಿ ಇಟ್ಕೊಂಡು ಕೂತಿದ್ವಿ," ಅಂದರಂತೆ. ಆ ಮಾತು ಕೇಳಿ ನನಗೆ ಅಳು ಬಂತು, ಅದರ ಹಿಂದೆಯೇ ಕೋಪ ಬಂತು. ಕೋಪ ಇವತ್ತಿಗೂ ಇದೆ.

ಆ ದಿನ ಮಧ್ಯಾಹ್ನ ಥುಯ್ ನನ್ನ ಮೇಜಿನ ಹತ್ತಿರ ಬಂದು ನಿಂತಳು. ಅತ್ತಿರಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ.

"ನಾನು ಈ ಕೆಲಸ ಬಿಡ್ತೀನಿ ಅಂತಿದೀನಿ. ಈ ಕಂಪನಿ ಒಂದೇ ಅಲ್ಲ, ಪ್ರೋಗ್ರಾಮಿಂಗೇ ಬೇಡ."

"ಹುಚ್ಚು ಹಿಡೀತಾ ನಿನಗೆ? ನೀನು ಹೇಳಿದ್ದೆ. ಅವರು ಕೇಳ್ಲಿಲ್ಲ. ತಪ್ಪು ಅವರದ್ದು ಕಣೇ!"

"ಹೇಳಿದ್ನಾ ಅಂತ ನನಗೇ ಅನುಮಾನ ಬಂದ್ಬಿಟ್ಟಿದೆ ಲೋರ್ನಾ. ಅಷ್ಟು ಜನ ಕೂತಿದ್ರು, ಇವತ್ತು ಬೆಳಿಗ್ಗೆಯಿಂದ ಒಬ್ರೂ 'ನೀನು ಹೇಳಿದ್ದೆ' ಅನ್ಲಿಲ್ಲ. ಎಲ್ಲರೂ ಆಶ್ಚರ್ಯ ಪಡ್ತಿದಾರೆ, ಛೇ, ಇದು ಯಾರಿಗೂ ಹೊಳೀಲೇ ಇಲ್ವಲ್ಲ ಅಂತ. ನನ್ನ ಎದುರಿಗೇ! ಶುಕ್ರವಾರ ಸಭೆ ಇದೆಯಲ್ಲ, ಅಲ್ಲಿ ಆ ಕೋಣೇಲಿದ್ದವರಲ್ಲಿ ಒಬ್ರು, ಒಬ್ಬರೇ ಸಾಕು, 'ಹೌದು, ಥುಯ್ ಹೇಳಿದ್ಲು' ಅಂದ್ರೆ ಇರ್ತೀನಿ. ನಾನೇ ನನ್ನ ಬಾಯಲ್ಲಿ ಹೇಳಲ್ಲ. ನೀವೂ ಹೇಳ್ಬೇಡಿ, ನೀವು ಅಲ್ಲಿರ್ಲಿಲ್ಲ."

"ಆ ಕೋಣೇಲಿ ಯಾರ್ಯಾರಿದ್ರು?"

"ನಮ್ಮ ಟೀಮಿನೋರೆಲ್ಲ. ಮತ್ತೆ ವೆಂಡೆಲ್. ಎಲ್ಲರಿಗೂ ಮಾತಾಡೋಕೆ ಅವಕಾಶ ಸಿಗ್ತಿದ್ಯಾ ಅಂತ ನೋಡೋಕೆ ಬಂದಿದ್ದ."

ನನಗೆ ಹೋದ ಜೀವ ಬಂದಂತಾಯಿತು. "ವೆಂಡೆಲ್ ಇದ್ನಾ? ಹಾಗಿದ್ರೆ ಚಿಂತೆ ಬಿಡೇ ಹುಡುಗಿ. ಅವನು ನಮ್ಮವನು, ಹೇಳೇ ಹೇಳ್ತಾನೆ."

ಅವಳು ನನ್ನನ್ನು ನಂಬಿದಳು. ನಾನು ವೆಂಡೆಲ್‌ನನ್ನು ನಂಬಿದ್ದೆ.

ಶುಕ್ರವಾರದ ಆ ಸಭೆಯ ಬಗ್ಗೆ ಒಂದು ಮಾತು. ಏನಾದರೂ ದೊಡ್ಡದು ಕೆಟ್ಟಾಗ ನಮ್ಮ ಉದ್ಯೋಗದಲ್ಲಿ ಎಲ್ಲರೂ ಸೇರಿ, ಯಾಕೆ ಕೆಟ್ಟಿತೆಂದು ವಿಚಾರಿಸುತ್ತಾರೆ. ಅಲ್ಲಿ ಯಾರ ಮೇಲೂ ತಪ್ಪು ಹೊರಿಸಬಾರದು, ಯಾರ ಹೆಸರನ್ನೂ ಹೇಳಬಾರದು. ಹೆದರಿಕೆ ಇಲ್ಲದಿದ್ದರೆ ಜನ ನಿಜ ಹೇಳುತ್ತಾರೆ ಎಂಬ ನಂಬಿಕೆ. ನಂಬಿಕೆ ಒಳ್ಳೆಯದೇ. ನಡೆಸಿಕೊಡುವವನು ವೆಂಡೆಲ್. ದೊಡ್ಡ ಕೋಣೆ, ತಟ್ಟೆ ತುಂಬ ಬಟರ್ ಟಾರ್ಟು ಎಂಬ ಸಿಹಿತಿಂಡಿ, ಪರದೆಯ ಮೇಲೆ "ಹೆಸರು ಬೇಡ, ವ್ಯವಸ್ಥೆಯನ್ನು ನೋಡೋಣ" ಎಂಬ ಬರಹ. ನಾನೂ ಓಡೀಲೂ ಕರೆಯದೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಥುಯ್ ತನ್ನ ಟೀಮಿನ ತುದಿಯಲ್ಲಿ ಕೂತಿದ್ದಳು.

ಡಿಲನ್ ಎದ್ದು, "ಏಳು ಗಂಟೆ ಅನ್ನೋ ಒಂದು ನಿಯಮ ವ್ಯವಸ್ಥೆ ಒಳಗೆ ಬಂತು," ಅಂದ. ಬೆಕ್ಕು ಕಿಟಕಿಯಿಂದ ಒಳಗೆ ಬಂದ ಹಾಗೆ ಬಂತಂತೆ! "ಅದರ ಪರಿಣಾಮ ಏನು ಅನ್ನೋದು ಯಾರ ಗಮನಕ್ಕೂ ಬರ್ಲಿಲ್ಲ."

ನಾನು ವೆಂಡೆಲ್‌ನ ಮುಖ ನೋಡಿದೆ. ಅವನು ತನ್ನ ಪೆನ್ನು ನೋಡಿಕೊಂಡ.

"ಯಾರ ಗಮನಕ್ಕೂ ಬರ್ಲಿಲ್ವಾ?" ಎಂದು ನಾನು ಕೂತಲ್ಲಿಂದಲೇ ಕೇಳಿದೆ. "ಮೊದಲೇ ಯಾರಾದ್ರೂ ಹೇಳಿದ್ರಾ ಅಂತ ನಿಮ್ಮಲ್ಲೇ ಕೇಳ್ತಿದೀನಿ."

ಡಿಲನ್ ಗಡ್ಡ ನೀವಿಕೊಂಡ. "ಬೇರೆ ಬೇರೆ ಸಂದರ್ಭದಲ್ಲಿ ಬೇರೆ ಬೇರೆ ಅಭಿಪ್ರಾಯಗಳು ಬಂದಿರಬಹುದು," ಅಂದ.

"ಅಭಿಪ್ರಾಯಕ್ಕೆ ಬಾಯಿ ಇತ್ತಾ, ಇಲ್ಲ ಅದೂ ಕಿಟಕಿಯಿಂದ ಬಂತಾ?" ಎಂದು ಓಡೀಲ್ ಕೇಳಿದಳು.

ನಾಲ್ಕಾರು ಜನ ನಕ್ಕರು. ಕ್ರೇಗ್ ಕೈಯೆತ್ತಿ, "ಹೆಸರು ಬೇಡ, ಸ್ನೇಹಿತರೇ. ಇದು ಎಲ್ಲರಿಗೂ ಸುರಕ್ಷಿತವಾದ ಜಾಗ," ಅಂದ.

"ತಪ್ಪು ಮಾಡಿದವರ ಹೆಸರು ಬೇಡ ಸರಿ. ಎಚ್ಚರಿಸಿದವರ ಹೆಸರೂ ಬೇಡ್ವಾ?"

"ಎಚ್ಚರಿಸಿದವರ ಹೆಸರು ಹೇಳಿದ್ರೆ, ಕೇಳದೇ ಇದ್ದವರು ಯಾರು ಅನ್ನೋ ಪ್ರಶ್ನೆ ಬರುತ್ತಲ್ಲ ಲೋರ್ನಾ," ಎಂದು ಕ್ರೇಗ್ ಸಮಾಧಾನದಿಂದ ತಿಳಿಸಿಕೊಟ್ಟ. ಆ ಇಡೀ ಮಧ್ಯಾಹ್ನದಲ್ಲಿ ಯಾರಾದರೂ ಹೇಳಿದ ನಿಜವೆಂದರೆ ಅದೊಂದೇ.

"ಆಯ್ತು, ಹೆಸರಿಲ್ದೇ ಕೇಳ್ತೀನಿ," ಅಂದೆ. "ಹೋದ ವಾರ ಮಂಗಳವಾರ ಆ ಕೋಣೇಲಿ ಒಬ್ಬಳು ಹೆಂಗಸು ಇದನ್ನ ಹೇಳಿದ್ಲಾ, ಇಲ್ವಾ?"

ಕೋಣೆಯಲ್ಲಿದ್ದ ತಲೆಗಳೆಲ್ಲ ಒಟ್ಟಿಗೆ ಥುಯ್ ಕಡೆಗೆ ತಿರುಗಿದವು. ಇನ್ನೆಲ್ಲಿಗೆ ತಿರುಗುತ್ತವೆ? ಆ ಟೀಮಿಗೆ ಕ್ರೇಗ್ ಹಂಚಿದ್ದು ಒಬ್ಬಳನ್ನೇ ತಾನೆ!

ವೆಂಡೆಲ್ ಮೊದಲ ಸಲ ಬಾಯಿ ತೆರೆದ. ಥುಯ್ ಬೆನ್ನು ನೆಟ್ಟಗೆ ಮಾಡಿಕೊಂಡು ಅವನತ್ತ ನೋಡಿದಳು. ಓಡೀಲ್ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಲೋರ್ನಾ," ಅಂದ ವೆಂಡೆಲ್, ತರಬೇತಿ ಪಡೆದ ಮೆತ್ತಗಿನ ದನಿಯಲ್ಲಿ, "ಈ ಸಂದರ್ಭದಲ್ಲಿ ಹೆಂಗಸು ಅಂದ್ರೂ ಹೆಸರು ಹೇಳಿದ ಹಾಗೇ ಆಗುತ್ತೆ. ಆ ಪದ ವಾಪಸ್ ತಗೋತೀಯಾ, ದಯವಿಟ್ಟು?"

ಅವನು ಪರದೆಯ ಮೇಲೆ ಬರೆಯತೊಡಗಿದ. "ಸಹೋದ್ಯೋಗಿಯೊಬ್ಬರು ಎಚ್ಚರಿಸಿದ್ದರು" ಎಂದು ಮೊದಲು ಬರೆದ. ಡಿಲನ್ ಕೆಮ್ಮಿದ. ಅದನ್ನು ಅಳಿಸಿ, "ಎಚ್ಚರಿಕೆ ಲಭ್ಯವಿತ್ತು" ಎಂದು ಬರೆದ. ಕ್ರೇಗ್‌ಗೆ ಅದು ಇಷ್ಟವಾಯಿತು. ಆ ಒಂಬತ್ತು ಜನರೂ ಬಟರ್ ಟಾರ್ಟಿನ ತಟ್ಟೆಯನ್ನು ದಿಟ್ಟಿಸಿದರು. ಅವರಲ್ಲಿ ಕೆಟ್ಟವರು ಯಾರೂ ಇಲ್ಲ. ಅವರೆಲ್ಲರ ಮನೆಯಲ್ಲೂ ಮಕ್ಕಳಿದ್ದಾರೆ ಅಥವಾ ನಾಯಿ ಇದೆ.

ಆಗ ಥುಯ್ ಎದ್ದು ನಿಂತಳು.

"ನಾನು ಹೇಳಿದ್ದೆ," ಅಂದಳು. "ನನ್ನ ಹೆಸರು ಥುಯ್ ಲಾಮ್. ಮಂಗಳವಾರ ಒಂದು ಸಲ ಹೇಳ್ದೆ, ಅದಾದ ಮೇಲೆ ಎರಡು ಸಲ ಡಿಲನ್‌ಗೆ ಹೇಳ್ದೆ. ಮಕ್ಕಳು ಚಳೀಲಿ ನಿಲ್ತಾರೆ ಅಂತಾನೇ ಹೇಳ್ದೆ. ನಿಂತ್ರು."

ಅದರಲ್ಲಿ "ಸಾರಿ" ಇರಲಿಲ್ಲ, "ತಪ್ಪಿರಬಹುದು" ಇರಲಿಲ್ಲ. ನೆಲಮಾಳಿಗೆಯ ದನಿ ಅದು. ಎಷ್ಟೋ ತಿಂಗಳ ಮೇಲೆ ಕೇಳಿದೆ.

ಡಿಲನ್‌ನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಮೊದಲು ಚೇತರಿಸಿಕೊಂಡವನು ಕ್ರೇಗ್. ಅವನು ಚಪ್ಪಾಳೆ ತಟ್ಟಿದ. ನಿಜವಾಗಿಯೂ ತಟ್ಟಿದ.

"ನೋಡಿ, ಇದು! ಇಂಥ ಧೈರ್ಯ ಬರ್ಲಿ ಅಂತಾನೇ ನಾವು ಇಷ್ಟೆಲ್ಲ ಮಾಡ್ತಿರೋದು! ಥುಯ್, ಮಾರ್ಚ್ ಎಂಟಕ್ಕೆ ಮಹಿಳಾ ದಿನದ ಕಾರ್ಯಕ್ರಮ ಇದೆ. ನಿಮ್ಮ ಕಥೇನ ಎಲ್ಲರ ಮುಂದೆ ಹೇಳ್ತೀರಾ?"

"ಮಾರ್ಚಿಗೆ ನಾನು ಇಲ್ಲಿರಲ್ಲ," ಅಂದಳು ಥುಯ್. ಅವಳು ಕೋಟು ತೆಗೆದುಕೊಂಡು ಹೊರಟಳು. ನಮ್ಮ ಸಾಲು ದಾಟುವಾಗ ನನ್ನ ಹೆಗಲು ಮುಟ್ಟಿದಳು, ಅಷ್ಟೆ. ಓಡೀಲ್ ಎರಡೂ ಭಾಷೆಯಲ್ಲಿ ಏನೇನೋ ಅಂದು ಅವಳ ಹಿಂದೆ ಓಡಿದಳು. ತಡೆಯಲು ಓಡಿದಳೆಂದುಕೊಂಡೆ. ಆಮೇಲೆ ತಿಳಿಯಿತು, ಬಾಗಿಲಿನವರೆಗೆ ಜೊತೆಗಿರಲು ಓಡಿದ್ದು.

ಸಭೆಯ ವರದಿ ಮೂರು ಪುಟ ಬಂತು. ಅದರಲ್ಲಿ ಯಾರ ಹೆಸರೂ ಇಲ್ಲ. ನನ್ನ ಬಗ್ಗೆ ಮಾತ್ರ ಬೇರೆಯಾಗಿ ಒಂದು ಪತ್ರ ಬಂತು. ನನ್ನ ಪ್ರಶ್ನೆಗಳಿಂದ ಒಬ್ಬ ಸಹೋದ್ಯೋಗಿಗೆ "ನಾನು ಇಲ್ಲಿಯವನಲ್ಲವೇನೋ" ಎಂಬ ನೋವು ಉಂಟಾಗಿದೆಯಂತೆ. ಪಾಪ ಡಿಲನ್! ಅವನ ನೋವಿಗೆ ಎರಡೇ ದಿನದಲ್ಲಿ ಉತ್ತರ ಸಿಕ್ಕಿತು.

ಮುಂದಿನ ಗುರುವಾರ ವೆಂಡೆಲ್ ನನ್ನ ಮೇಜಿಗೆ ಬಂದ. ಪಕ್ಕದ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತ, ಕೂರಲಿಲ್ಲ.

"ನಕ್ಷೆ ಟೀಮಿನಲ್ಲಿ ಈಗ ಹೆಂಗಸರು ಯಾರೂ ಇಲ್ಲ," ಅಂದ. "ನೀನು ಹೋಗ್ತೀಯಾ ಅಂತ ಕ್ರೇಗ್ ಕೇಳ್ತಿದಾನೆ."

"ಒಂದು ಚಮಚ ಖರ್ಚಾಯ್ತು, ಇನ್ನೊಂದು ಹಾಕ್ತೀರಾ?"

ಅವನು ನಗಲಿಲ್ಲ. ಅವನ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಅವನು ನಿದ್ದೆ ಮಾಡಿರಲಿಲ್ಲವೆಂದು ನೋಡಿದರೆ ತಿಳಿಯುತ್ತಿತ್ತು. ನನಗೆ ಪಾಪ ಅನ್ನಿಸಿತು, ಅನ್ನಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಡಿಲನ್ ಮೇಲೆ, ಕ್ರೇಗ್ ಮೇಲೆ ನನಗೆ ಬರೀ ಕೋಪ. ಇವನ ಮೇಲೆ ಪ್ರೀತಿ ಇತ್ತು. ಆದ್ದರಿಂದಲೇ ಇವನು ಮಾಡಿದ್ದು ನೋಯಿಸಿತು.

"ವೆಂಡೆಲ್, ಒಂದು ಕೇಳ್ತೀನಿ. ಆ ಮಂಗಳವಾರ ನೀನು ಅಲ್ಲಿದ್ದೆ. ಅವಳು ಹೇಳಿದ್ದು ನಿನಗೆ ಕೇಳಿಸ್ತಾ?"

"ಕೇಳಿಸ್ತು."

"ಪೂರ್ತಿ?"

"ಪೂರ್ತಿ. ಸರಿಯಾಗೇ ಹೇಳಿದ್ಲು. ನನಗೆ ಆಗಲೇ ಗೊತ್ತಾಯ್ತು, ಅವಳು ಹೇಳ್ತಿರೋದು ನಿಜ ಅಂತ. ನಾವು ಕೆಳಗೆ ಇದ್ದಾಗ ಎಷ್ಟು ಸಲ ಮಾತಾಡಿದ್ವಿ ಅದನ್ನ."

"ಮತ್ತೆ ಶುಕ್ರವಾರ ಯಾಕೋ ಸುಮ್ನಿದ್ದೆ? ಒಂದು ಹೌದು ಅಂದಿದ್ರೆ ಅವಳು ಉಳೀತಿದ್ಲು. ಒಂದು ಹೌದು ಕಣೋ!"

ಅವನು ಕುರ್ಚಿಯ ಬೆನ್ನನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ. ಉತ್ತರ ಅವನ ಹತ್ತಿರ ಸಿದ್ಧವಾಗಿಯೇ ಇತ್ತು. ಟೊರಾಂಟೊದಿಂದ ತಂದದ್ದು.

"ಹೆಂಗಸರ ಪರವಾಗಿ ಗಂಡಸರು ಮಾತಾಡಬಾರದು ಲೋರ್ನಾ. ಅವರ ದನೀನ ಕಸಿದುಕೊಂಡ ಹಾಗಾಗುತ್ತೆ. ಅವಳೇ ಹೇಳ್ಲಿ ಅಂತ ನಾನು ಜಾಗ ಬಿಟ್ಟೆ."

ಅವನು ಹೇಳಿದ್ದನ್ನು ಅವನು ನಂಬಿದ್ದ. ಬೈಯೋಣವೆಂದು ಬಾಯಿ ತೆರೆದರೆ ಓಡೀಲ್‌ನ ಒಂದು ಬೈಗುಳವೂ ನೆನಪಾಗಲಿಲ್ಲ.

"ಹೆದರಿಕೆಗೆ ಇಷ್ಟು ಚೆಂದದ ಹೆಸರು ಇದೆ ಅಂತ ನನಗೆ ಗೊತ್ತಿರ್ಲಿಲ್ಲ, ವೆಂಡೆಲ್,"  ಅಂದೆ. "ಬಾ, ಕ್ರೇಗ್ ಕೋಣೇಲೇ ಇದಾನೆ. ಈಗ ಹೋಗಿ ಹೇಳು. ನಾನು ಜೊತೇಲಿ ಬರ್ತೀನಿ. ಅವಳಿಗೆ ನಾನೇ ಫೋನ್ ಮಾಡ್ತೀನಿ."

ಅವನು ಒಂದು ಹೆಜ್ಜೆ ಆ ಕಡೆ ಇಟ್ಟ. ಇಟ್ಟ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆಮೇಲೆ ಗಡಿಯಾರ ನೋಡಿಕೊಂಡ.

"ಹನ್ನೊಂದಕ್ಕೆ ಗ್ವೆಲ್ಫ್‌ನಲ್ಲಿ ನನ್ನ ಭಾಷಣ ಇದೆ," ಅಂದ. "ಬಂದ ಮೇಲೆ ಕೂತು ಮಾತಾಡೋಣ."

ಅವನು ಮೆಟ್ಟಿಲಿಳಿದು ಹೋದ. ಥುಯ್ ಹೇಳಿದ್ದನ್ನೂ ವೆಂಡೆಲ್ ಕೇಳಿಸಿಕೊಂಡದ್ದನ್ನೂ ಹೆಸರು ಹಿಡಿದು ಹೇಳಲು ನಾನು ಒಬ್ಬಳೇ ಕ್ರೇಗ್‌ನ ಕೋಣೆಯ ಬಾಗಿಲು ತಟ್ಟಿದೆ.